ಜಪಾನಿನ ಫ್ಯಾಷನ್ ಡಿಸೈನರ್ ಇಸ್ಸೇ ಮಿಯಾಕೆ ಹೋಗ್ಬಿಟ್ರು. ಈ ಫೀಲ್ಡಲ್ಲಿ ಇರೋರು ಅವ್ರ ಕೆಲಸದ ಬಗ್ಗೆ ಸ್ವಲ್ಪ ಹೇಳ್ತೀರಾ?

ಹೊಲಿಗೆ_ಹುಡುಗಿ:

ಎಲ್ರಿಗೂ ನಮಸ್ಕಾರ. ನಿನ್ನೆ ಸಂಜೆ ಕಾಲೇಜ್ ಬಿಟ್ಟು ಬಸ್ ಕಾಯ್ತಾ ನಿಂತಿದ್ದಾಗ ಫೋನಲ್ಲಿ ಸುದ್ದಿ ನೋಡಿದೆ, ಇಸ್ಸೇ ಮಿಯಾಕೆ ತೀರ್ಕೊಂಡ್ರು ಅಂತ. 84 ವರ್ಷ ಆಗಿತ್ತು, ಲಿವರ್ ಕ್ಯಾನ್ಸರ್. ಹೋಗಿದ್ದು 2022ರ ಆಗಸ್ಟ್ 5ಕ್ಕೇ, ಟೋಕಿಯೋದಲ್ಲಿ, ಆಪ್ತರಷ್ಟೇ ಸೇರಿ ಎಲ್ಲಾ ಮುಗಿಸಿ ಆಮೇಲೆ 9ನೇ ತಾರೀಕು ಹೊರಗೆ ಹೇಳಿದ್ದಾರೆ, ಶ್ರದ್ಧಾಂಜಲಿ ಸಭೆ ಏನೂ ಬೇಡ ಅನ್ನೋದು ಅವ್ರದೇ ಆಸೆ ಆಗಿತ್ತಂತೆ. ಓದಿದ್ಮೇಲೆ ಎರಡು ಬಸ್ ಬಂದು ಹೋದ್ವು, ಹತ್ತೋಕೆ ಮನಸ್ಸೇ ಬರ್ಲಿಲ್ಲ.

ನಾನು ಫ್ಯಾಷನ್ ಡಿಸೈನ್ ಎರಡನೇ ವರ್ಷ. ಇವ್ರನ್ನ ಮೊದಲು ನೋಡಿದ್ದು ಲೈಬ್ರರಿಲಿ, ಇರ್ವಿಂಗ್ ಪೆನ್ ತೆಗೆದ ಫೋಟೋಗಳಲ್ಲಿ. ಬಿಳೀ ಹಿನ್ನೆಲೆ, ಮಧ್ಯದಲ್ಲಿ ಒಂದು ಆಕಾರ, ಅದು ಬಟ್ಟೆನೋ ಹಕ್ಕಿನೋ ಗೊತ್ತಾಗಲ್ಲ, ಹತ್ರ ಹೋಗಿ ನೋಡಿದ್ರೆ ಅದರೊಳಗೆ ಒಬ್ಬ ಮನುಷ್ಯ ಇದಾನೆ. ಅವತ್ತಿಂದ ಹಿಡ್ಕೊಂಡಿದ್ದು. ಈ ಸೆಮಿಸ್ಟರಲ್ಲಿ ಅವ್ರ ದಾರೀಲೇ ಒಂದು ಡ್ರೆಸ್ ಮಾಡಿದ್ದೆ, ಮಡಚಿಟ್ರೆ ಚಪ್ಪಟೆ ಚೌಕ, ಹಾಕ್ಕೊಂಡಾಗ ಮಾತ್ರ ಆಕಾರ ಬರೋದು, ಅದನ್ನ ಹ್ಯಾಂಗರ್‌ಗೆ ನೇತಾಕಿ ನೋಡಿ "ಇದಕ್ಕೆ ಶೇಪೇ ಇಲ್ವಲ್ಲ" ಅಂತ ಮಾರ್ಕ್ಸ್ ಕಟ್ ಮಾಡಿದ್ರು. ಒಬ್ರಿಗೆ ತೊಡ್ಸಿ ನೋಡಿ ಅಂತ ಕೇಳ್ಕೊಂಡೆ, ಟೈಮ್ ಇಲ್ಲ ಅಂದ್ರು. ಆ ನೋವು ಇನ್ನೂ ಇದೆ, ಈಗ ಇವ್ರೂ ಹೋದ್ರು ಅಂದಾಗ ಎರಡೂ ಒಟ್ಟಿಗೆ ಬಂತು.

ಮನೇಲಿ ಹೇಳೋಣ ಅಂದ್ರೆ ಯಾರಿಗೂ ಹೆಸರು ಗೊತ್ತಿಲ್ಲ. ಸುದ್ದಿ ನೋಡಿದ್ರೆ ಎಲ್ಲಾ ಕಡೆ ಒಂದೇ, "ಸ್ಟೀವ್ ಜಾಬ್ಸ್ ಹಾಕ್ತಿದ್ದ ಕಪ್ಪು ಟರ್ಟಲ್‌ನೆಕ್ ಮಾಡಿದವರು ಇನ್ನಿಲ್ಲ". ಐವತ್ತು ವರ್ಷ ಕೆಲಸ ಮಾಡಿದವ್ರನ್ನ ಒಂದು ಕಪ್ಪು ಟೀ ಶರ್ಟಿಗೆ ಇಳಿಸಿಬಿಟ್ರಲ್ಲ ಅಂತ ಸಂಕಟ ಆಗತ್ತೆ.

ನನ್ನ ಪ್ರಶ್ನೆ ಇಷ್ಟೇ. ಇವ್ರು ಹೆಸರಾಗಿರೋದು ನೆರಿಗೆ ಬಟ್ಟೆಗೆ. ಆದ್ರೆ ನೆರಿಗೆ ಹೊಸದೇನಲ್ಲ, ನಮ್ಮಮ್ಮ ದಿನಾ ಸೀರೆಗೆ ಹಿಡೀತಾರೆ, ಯುರೋಪಲ್ಲೂ ನೂರು ವರ್ಷದ ಹಿಂದೆನೇ ವೆನಿಸ್‌ನ ಫಾರ್ಚುನಿ ಅನ್ನೋ ಡಿಸೈನರ್ ರೇಷ್ಮೆಗೆ ಸಣ್ಣ ನೆರಿಗೆ ಹಾಕಿದ್ದ. ಹಾಗಿದ್ರೆ ಇವ್ರು ಹೊಸದಾಗಿ ಮಾಡಿದ್ದು ಏನು? ಅಂತಃಕರಣದಿಂದ ಹೇಳೋರು ಯಾರಾದ್ರೂ ಇದ್ರೆ ಹೇಳಿ.

ಕಟಿಂಗ್_ಮಾಸ್ಟರ್:

ನೋಡಮ್ಮ, ನಾನು ಗಾರ್ಮೆಂಟ್ಸಲ್ಲಿ 22 ವರ್ಷದಿಂದ ಇದೀನಿ, ಹೆಲ್ಪರ್ ಆಗಿ ಸೇರಿ ಈಗ ಪ್ಯಾಟರ್ನ್ ನೋಡ್ಕೋತೀನಿ. ದೊಡ್ಡ ಮಾತು ಆಡೋಕೆ ಬರಲ್ಲ, ಟೇಬಲ್ ಮೇಲೆ ಏನು ಆಗತ್ತೋ ಅದನ್ನ ಹೇಳ್ತೀನಿ.

ಎಲ್ಲಾ ಕಡೆ ನೆರಿಗೆ ಬಟ್ಟೆ ಹೆಂಗೆ ಮಾಡ್ತಾರೆ? ಮೊದಲು ಥಾನಿಗೆ ನೆರಿಗೆ ಹೊಡೆಸ್ತಾರೆ, ಆಮೇಲೆ ಕತ್ತರಿಸಿ ಹೊಲೀತಾರೆ. ಮಿಯಾಕೆ ಉಲ್ಟಾ ಮಾಡಿದ್ರು. ಮೊದಲೇ ಪೂರ್ತಿ ಬಟ್ಟೆ ಕತ್ತರಿಸಿ ಹೊಲಿದುಬಿಡೋದು, ಆದ್ರೆ ಬೇಕಾದ ಸೈಜಿಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿ. ಆ ದೈತ್ಯನ ಅಂಗಿನ ಎರಡು ಪೇಪರ್ ಮಧ್ಯ ಇಟ್ಟು ಮಷಿನ್ ಒಳಗೆ ಬಿಡೋದು, ಬಿಸಿ ಮತ್ತೆ ಒತ್ತಡಕ್ಕೆ ಅದು ನೆರಿಗೆ ಆಗಿ ಮನುಷ್ಯನ ಸೈಜಿಗೆ ಕುಗ್ಗಿ ಹೊರಗೆ ಬರತ್ತೆ. ಕೇಳೋಕೆ ಸುಲಭ, ಆದ್ರೆ ಪ್ಯಾಟರ್ನ್ ಮಾಡೋನಿಗೆ ಗೊತ್ತು ಅದರ ಕಷ್ಟ. ಕುತ್ತಿಗೆ ಎಷ್ಟು ಕುಗ್ಗತ್ತೆ, ತೋಳು ಎಷ್ಟು ಕುಗ್ಗತ್ತೆ, ನೆರಿಗೆ ಉದ್ದಕ್ಕೆ ಬಂದ್ರೆ ಒಂಥರ ಅಡ್ಡಕ್ಕೆ ಬಂದ್ರೆ ಇನ್ನೊಂಥರ, ಹೊಲಿಗೆ ಇರೋ ಜಾಗದಲ್ಲಿ ದಪ್ಪ ಬೇರೆ, ಅದನ್ನೆಲ್ಲ ಮುಂಚೆನೇ ಲೆಕ್ಕ ಹಾಕಿ ಕತ್ತರಿ ಇಡಬೇಕು. ಒಂದು ಸಲ ಒಳಗೆ ಹೋದ್ಮೇಲೆ ತಿದ್ದೋಕೆ ಆಗಲ್ಲ.

ಫಾರ್ಚುನಿ ವಿಷ್ಯ ನೀನು ಹೇಳಿದ್ದು ಸರಿ. ಆದ್ರೆ ಅವನದು ರೇಷ್ಮೆ, ನೀರು ಬಿದ್ರೆ ನೆರಿಗೆ ಹೋಗತ್ತೆ, ವಾಪಸ್ ಅವನ ಹತ್ರನೇ ಕಳಿಸಿ ಮತ್ತೆ ಹಾಕಿಸ್ಬೇಕಿತ್ತು. ಇವ್ರು ಪಾಲಿಯೆಸ್ಟರ್ ಹಿಡಿದ್ರು. ಪಾಲಿಯೆಸ್ಟರ್ ದಾರ ಬಿಸಿಗೆ ಮೆತ್ತಗಾಗಿ ತಣ್ಣಗಾದಾಗ ಯಾವ ಆಕಾರದಲ್ಲಿ ಇರತ್ತೋ ಅದನ್ನೇ ನೆನಪಿಟ್ಕೊಳತ್ತೆ. ಹಾಗಾಗಿ ಒಗೀರಿ, ಹಿಂಡಿ, ಸುತ್ತಿ ಬ್ಯಾಗಿಗೆ ತುರುಕಿ, ನೆರಿಗೆ ಹಾಗೇ ಇರತ್ತೆ, ಇಸ್ತ್ರಿ ಬೇಡ. 1988ರ ಸುಮಾರಿಗೆ ಈ ಪ್ರಯೋಗ ಶುರು ಮಾಡಿದ್ರು, 1991ರಲ್ಲಿ ಫೋರ್ಸೈತ್ ಅನ್ನೋರ ಫ್ರಾಂಕ್‌ಫರ್ಟ್ ಬ್ಯಾಲೆ ತಂಡಕ್ಕೆ ನೆರಿಗೆ ಬಟ್ಟೆ ಮಾಡ್ಕೊಟ್ರು, ಕುಣಿಯೋರ ಮೈ ಹೆಂಗೆ ತಿರುಗಿದ್ರೂ ಬಟ್ಟೆ ಜೊತೆಗೇ ಹೋಗೋದು ಕಂಡ್ರು, 1993ಕ್ಕೆ ಪ್ಲೀಟ್ಸ್ ಪ್ಲೀಸ್ ಅಂತ ಅಂಗಡಿಗೆ ಬಂತು. ಅಂದ್ರೆ ಐದು ವರ್ಷ ಒಂದೇ ವಿಷ್ಯದ ಹಿಂದೆ. ನಮಗೆ ಒಂದು ಸ್ಯಾಂಪಲ್‌ಗೆ ಎರಡು ದಿನ ಕೊಡಲ್ಲ.

ಇನ್ನೊಂದು, ಹ್ಯಾಂಗರ್ ಮಾತು. ನಿನ್ನ ಮಾರ್ಕ್ಸ್ ಕಟ್ ಮಾಡಿದೋರಿಗೆ ನಾನು ಏನೂ ಹೇಳಲ್ಲ. ಆದ್ರೆ ಹ್ಯಾಂಗರ್ ಉಸಿರಾಡಲ್ಲ, ಕೈ ಎತ್ತಲ್ಲ, ಕೂರಲ್ಲ. ಬಟ್ಟೆ ನೋಡೋಕೆ ಅದು ಜಾಗ ಅಲ್ಲ.

ತೋಕ್ಯೋ_ಕನ್ನಡಿಗ:

ನಾನು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ಬಟ್ಟೆ ಬಗ್ಗೆ ಓದಿದವನಲ್ಲ, ಆದ್ರೂ ಬರೀಬೇಕು ಅನ್ನಿಸ್ತು. 2016ರಲ್ಲಿ ಟೋಕಿಯೋದ ರೊಪ್ಪೊಂಗಿಯ ನ್ಯಾಷನಲ್ ಆರ್ಟ್ ಸೆಂಟರಲ್ಲಿ ಅವ್ರ ಅಷ್ಟೂ ವರ್ಷದ ಕೆಲಸದ ದೊಡ್ಡ ಪ್ರದರ್ಶನ ಇತ್ತು. ನನ್ನ ಹೆಂಡತಿ ಎಳ್ಕೊಂಡು ಹೋದ್ಲು. 1980ರ ಕೆಂಪು ಪ್ಲಾಸ್ಟಿಕ್ ಮೈಕವಚ ನೋಡಿದೆ, ಹೆಣ್ಣಿನ ಮೈಯ ಅಚ್ಚು, ಹೊಕ್ಕಳು ಸಮೇತ, ಹೊಳೆಯೋ ಕೆಂಪು. ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಬಟ್ಟೆ ಮೈನ ಮುಚ್ಚತ್ತೆ ಅಂತ ಅಂದ್ಕೊಂಡಿದ್ದೆ, ಇಲ್ಲಿ ಮೈನೇ ಬಟ್ಟೆ ಆಗಿತ್ತು.

ಆದ್ರೆ ನಾನು ಹೇಳ್ಬೇಕು ಅಂದ್ಕೊಂಡಿದ್ದು ಬೇರೆ. ಅವ್ರು ಹುಟ್ಟಿದ್ದು 1938ರಲ್ಲಿ, ಹಿರೋಶಿಮಾದಲ್ಲಿ. 1945ರ ಆಗಸ್ಟ್ 6ರ ಬೆಳಗ್ಗೆ ಬಾಂಬ್ ಬಿದ್ದಾಗ ಏಳು ವರ್ಷ. ಮೂರು ವರ್ಷದೊಳಗೆ ವಿಕಿರಣದಿಂದ ತಾಯಿ ಹೋದ್ರು. ಈ ವಿಷ್ಯನ ಅವ್ರು ದಶಕಗಟ್ಟಲೆ ಎಲ್ಲೂ ಮಾತಾಡ್ಲೇ ಇಲ್ಲ. 2009ರಲ್ಲಿ ಮೊದಲ ಸಲ ನ್ಯೂಯಾರ್ಕ್ ಟೈಮ್ಸಿಗೆ ಒಂದು ಲೇಖನ ಬರೆದ್ರು, ಒಬಾಮಾ ಹಿರೋಶಿಮಾಗೆ ಬರಬೇಕು ಅಂತ ಕೇಳ್ಕೊಂಡು. ಕಣ್ಣು ಮುಚ್ಚಿದ್ರೆ ಈಗ್ಲೂ ಆ ಕೆಂಪು ಬೆಳಕು, ಆಮೇಲೆ ಬಂದ ಕಪ್ಪು ಮೋಡ, ದಿಕ್ಕಾಪಾಲಾಗಿ ಓಡೋ ಜನ ಕಾಣ್ತಾರೆ ಅಂತ ಬರೆದಿದ್ರು. "ಬಾಂಬಿಂದ ಬದುಕಿದ ಡಿಸೈನರ್" ಅನ್ನೋ ಹಣೆಪಟ್ಟಿ ಬೇಡ ಅಂತ ಇಷ್ಟು ದಿನ ಸುಮ್ಮನಿದ್ದೆ, ನಾಶ ಆಗೋದರ ಬಗ್ಗೆ ಅಲ್ಲ, ಕಟ್ಟಬಹುದಾದದ್ದರ ಬಗ್ಗೆ ಯೋಚನೆ ಮಾಡೋಕೆ ಇಷ್ಟ ಅನ್ನೋ ಅರ್ಥದಲ್ಲಿ. ಒಬಾಮಾ ಕೊನೆಗೂ ಬಂದಿದ್ದು 2016ರ ಮೇನಲ್ಲಿ, ಆ ಪ್ರದರ್ಶನ ಇನ್ನೂ ನಡೀತಿದ್ದಾಗಲೇ. ಈ ಸಲ ಆಗಸ್ಟ್ 5ಕ್ಕೆ ಹೋಗಿದ್ದಾರೆ, ಮಾರನೇ ದಿನ ಹಿರೋಶಿಮಾದ ಗಂಟೆ ಹೊಡೆಯೋ ದಿನ. ನಾನು ಇಲ್ಲಿ ಟಿವಿಯಲ್ಲಿ ಅದನ್ನ ನೋಡ್ತಿದ್ದೆ, ಅವ್ರು ಆಗಲೇ ಇಲ್ಲ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ.

ಹಿರೋಶಿಮಾದ ಶಾಂತಿ ಉದ್ಯಾನದ ಹತ್ರ ಇಸಾಮು ನೊಗುಚಿ ಅನ್ನೋ ಶಿಲ್ಪಿ ಕಟಕಟೆ ಮಾಡಿದ ಎರಡು ಸೇತುವೆ ಇದಾವೆ. ಊರು ಸುಟ್ಟು ಬೂದಿಯಾದ್ಮೇಲೆ ಕಟ್ಟಿದ್ದು. ಸ್ಕೂಲ್ ಹುಡುಗ ಆಗಿದ್ದಾಗ ಅದರ ಮೇಲೆ ಓಡಾಡ್ತಾ, ಡಿಸೈನ್ ಅಂದ್ರೆ ಮನುಷ್ಯನಿಗೆ ಧೈರ್ಯ ಕೊಡೋದು ಅಂತ ಮೊದಲ ಸಲ ಅನ್ನಿಸಿದ್ದು ಅಲ್ಲೇ ಅಂತ ಅವ್ರು ಹೇಳ್ಕೊಂಡಿದಾರೆ. ನಾವೂ ಆ ಸೇತುವೆ ದಾಟಿದ್ವಿ, ನನ್ನ ಮಗ ಆ ಕಟಕಟೆ ಸವರ್ತಾ ಸವರ್ತಾ ನಡೆದ.

ಟರ್ಟಲ್‌ನೆಕ್ ಕಥೆಗೂ ಒಂದು ಹಿನ್ನೆಲೆ ಇದೆ ತಂಗಿ, ಬೇಜಾರಾಗಬೇಡ. ಸೋನಿ ಕಂಪನಿಗೆ ಮಿಯಾಕೆ ಕೆಲಸಗಾರರ ಜಾಕೆಟ್ ಮಾಡ್ಕೊಟ್ಟಿದ್ರು, ಜಿಪ್ ಬಿಚ್ಚಿದ್ರೆ ತೋಳು ಕಳಚಿ ವೇಸ್ಟ್‌ಕೋಟ್ ಆಗೋ ಥರದ್ದು. ಜಾಬ್ಸ್ ಅದನ್ನ ನೋಡಿ ಆಪಲ್‌ಗೂ ಒಂದು ಮಾಡ್ಸಿದ್ರು, ಅಲ್ಲಿನ ನೌಕರರು ಒಪ್ಪಲಿಲ್ಲ. ಕೊನೆಗೆ ತನಗೊಬ್ಬನಿಗೇ ಯೂನಿಫಾರ್ಮ್ ಅಂತ ಆ ಕಪ್ಪು ಟರ್ಟಲ್‌ನೆಕ್ ಕೇಳಿದ್ರು. ಸ್ನೇಹದಿಂದ ಮಾಡ್ಕೊಟ್ಟಿದ್ದು. ನನಗೆ ಅದಕ್ಕಿಂತ ಇಷ್ಟ ಆಗೋದು 1992ರ ಬಾರ್ಸಿಲೋನಾ ಒಲಿಂಪಿಕ್ಸ್. ಸೋವಿಯತ್ ಹಿಡಿತದಿಂದ ಆಗಷ್ಟೇ ಬಿಡಿಸ್ಕೊಂಡಿದ್ದ ಲಿಥುವೇನಿಯಾ ತಂಡಕ್ಕೆ ಮಿಯಾಕೆ ನೆರಿಗೆ ಉಡುಪು ಮಾಡ್ಕೊಟ್ರು. ಸ್ವಂತ ಬಾವುಟ ಹಿಡಿದು ಬಂದ ಪುಟ್ಟ ದೇಶ, ಎಷ್ಟೇ ಎತ್ತರ ದಪ್ಪ ಇರೋ ಆಟಗಾರನಿಗೂ ಹೊಂದ್ಕೊಳೋ ಬಟ್ಟೆ.

ಖಣದ_ಮಗ್ಗ:

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಗುಳೇದಗುಡ್ಡ, ಅಪ್ಪಾರು ಖಣ ನೇಯತಿದ್ರು. ಮಿಯಾಕೆ ಅವರ ಬಗ್ಗೆ ನಾ ಮೊದಲ ಕೇಳಿದ್ದು ಒಬ್ಬ ಡಿಸೈನರ್ ಅಕ್ಕ ನಮ್ಮ ಮನಿಗೆ ಬಂದಾಗ. ಆಕಿ ಮಗ್ಗದ ಮುಂದ ಕುಂತು ಹೇಳಿದ್ರು, ಜಪಾನದಾಗ ಒಬ್ಬಾವ ಅದಾನ, "ಒಂದು ತುಂಡು ಬಟ್ಟಿ" ಅನ್ನೂದನ್ನ ಇಟಗೊಂಡು ಜೀವನಪೂರ್ತಿ ಕೆಲಸ ಮಾಡ್ಯಾನ ಅಂತ. ನಮ್ಮ ಅಪ್ಪಾರು ತಟ್ನ ಅಂದ್ರು, "ಹಂಗಾರ ಅಂವಾ ನಮ್ಮಾವನ."

ಯಾಕಂದ್ರ ಖಣ ಅಂದ್ರ ಅದ ಅಲ್ಲೇನ್ರಿ. ಒಂದು ಖಣ ಅಂದ್ರ ಒಂದು ಕುಬಸಕ್ಕ ಆಗೂವಷ್ಟು ಬಟ್ಟಿ. ನಮ್ಮವ್ವ ಕತ್ತರಿ ಹಿಡಕೊಂಡು ಕುಂತ್ರ ತೋಳಿಗೆ ಇಷ್ಟು, ಬೆನ್ನಿಗೆ ಇಷ್ಟು, ಕಂಕಳ ಪಟ್ಟಿಗೆ ಇಷ್ಟು ಅಂತ ಮಡಚಿ ಮಡಚಿ ಕತ್ತರಿಸ್ತಿದ್ರು, ಉಳಿಯೂದು ಬೊಗಸಿ ತುಂಬಷ್ಟು ಚಿಂದೀನೂ ಅಲ್ಲ, ಅದನೂ ಕೌದಿಗೆ ಹಾಕತಿದ್ರು. ಸೀರಿ ಅಂತೂ ಕತ್ತರಿನ ಮುಟ್ಟಂಗಿಲ್ಲ. ಧೋತರ ಹಂಗ. ಉಡಾವರು ಎತ್ತರ ಇರಲಿ ಗಿಡ್ಡ ಇರಲಿ, ನಿರಿಗಿ ಹೆಚ್ಚು ಕಡಿಮಿ ಹಿಡದ್ರ ಆತು.

ಆ ಅಕ್ಕ ಮತ್ತೊಂದು ಹೇಳಿದ್ರು, ಎ-ಪಾಕ್ ಅಂತ, ಅಂದ್ರ "ಎ ಪೀಸ್ ಆಫ್ ಕ್ಲಾತ್", ಅದ ಒಂದು ತುಂಡು ಬಟ್ಟಿ. 1998ರ ಹೊತ್ತಿಗೆ ಮಿಯಾಕೆ, ದಾಯ್ ಫುಜಿವಾರಾ ಅನ್ನಾವ್ರ ಜೋಡಿ ಕೂಡಿ ತಂದಿದ್ದು. ಕಂಪ್ಯೂಟರ್ ಹೇಳಿದಂಗ ಮಷಿನ್ ಒಂದು ಉದ್ದ ಕೊಳವಿ ಹಂಗ ಬಟ್ಟಿ ಹೆಣೀತೈತಿ, ಆ ಕೊಳವಿಯೊಳಗನ ಅಂಗಿ, ಲಂಗ, ಟೊಪಗಿ, ಚೀಲ ಎಲ್ಲಾ ಅಡಗಿರತಾವ. ಗೆರಿ ಹಿಡಕೊಂಡು ನಾವು ಕತ್ತರಿಸಿದ್ರ ಅಂಚು ಬಿಚ್ಚೂದಿಲ್ಲ, ಹೊಲಿಗಿ ಬೇಕಿಲ್ಲ. ತೋಳು ಉದ್ದ ಬೇಕೋ ಗಿಡ್ಡ ಬೇಕೋ ಅದನ್ನ ತೊಡಾವ್ರ ಕತ್ತರಿಸಿಕೋಬೇಕು. ಇದನ್ನ ಕೇಳಿ ನಾ ಎರಡು ದಿನ ನಿದ್ದಿ ಮಾಡಲಿಲ್ಲರಿ. ನೇಯಾವನ ಕೈಯಾಗ ಬಟ್ಟಿ ಮುಗೀತೈತಿ ಅಂತ ತಿಳದಿದ್ದೆ. ಇಂವಾ ಮುಗಸೂದನ್ನ ತೊಡಾವ್ರಿಗೆ ಬಿಟ್ಟಾನ.

ಮತ್ತ ನಮ್ಮ ದೇಶಕ್ಕೂ ಅವರಿಗೂ ನಂಟು ಐತಿ. ಅಹಮದಾಬಾದಿನ ಆಶಾ ಸಾರಾಭಾಯಿ ಅವರ ಜೋಡಿ 80ರ ದಶಕದಾಗ ಕೂಡಿ ಕೆಲಸ ಮಾಡ್ಯಾರ. ಮಿಯಾಕೆ ಅವರ ಸ್ಟುಡಿಯೋದಾಗ ಬಟ್ಟಿ ಹುಟ್ಟಸಾಕಿ ಮಾಕಿಕೊ ಮಿನಾಗಾವಾ ಅಂತ, ಹಾತ್ ಅನ್ನೂ ಹೆಸರಿನ ಬ್ರ್ಯಾಂಡ್ ಮಾಡಿ ನಮ್ಮ ಕೈಕಸೂತಿ, ಖಾದಿ ಬಳಸ್ಯಾರ. ಡಿಸೈನರ್ ಹೆಸರಿನ ಹಿಂದ ಬಟ್ಟಿ ಮಾಡಾವರ ಹೆಸರು ಹೇಳಿದಾವ್ರು ಭಾಳ ಕಡಿಮಿರಿ, ಆ ಸ್ಟುಡಿಯೋದಾಗ ಅದಕ್ಕ ಜಾಗಾ ಇತ್ತು. ಅದಕ್ಕ ನನಗ ಅವರ ಮ್ಯಾಲ ಜೀವ.

ಅಪ್ಪಾರು ಈಗಿಲ್ಲ. ಇದ್ದಿದ್ರ ಇವತ್ತ ಈ ಸುದ್ದಿ ಅವರಿಗೆ ಓದಿ ಹೇಳತಿದ್ದೆ.

ಹತ್ತಿ_ಮಾತ್ರ:

ಎಲ್ಲರ ದುಃಖಕ್ಕೆ ಗೌರವ ಕೊಟ್ಟೇ ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನು ಕೈಮಗ್ಗದ ಹತ್ತಿ ಬಟ್ಟೆ ಮಾರೋಳು. ಪಾಲಿಯೆಸ್ಟರ್ ಅಂದ್ರೆ ಪೆಟ್ರೋಲಿಯಂ, ಮಣ್ಣಲ್ಲಿ ಕರಗಲ್ಲ, ನಮ್ಮ ಸೆಖೆಗೆ ಮೈಗೂ ಆಗಲ್ಲ. ಜೊತೆಗೆ ಆ ಅಂಗಡೀಲಿ ಒಂದು ಟಾಪ್ ಬೆಲೆ ನಮ್ಮ ಕಡೆ ಒಬ್ಬ ಟೈಲರ್‌ನ ತಿಂಗಳ ಸಂಪಾದನೆ ದಾಟತ್ತೆ. ಜೀನ್ಸು ಟೀ ಶರ್ಟ್ ಥರ ಎಲ್ರೂ ಹಾಕೋ ಬಟ್ಟೆ ಮಾಡ್ತೀನಿ ಅಂದವ್ರು ಅವ್ರು. ಅದು ಆಯ್ತಾ?

ಕಟಿಂಗ್_ಮಾಸ್ಟರ್:

ಮೇಡಂ, ಬೆಲೆ ವಿಷ್ಯದಲ್ಲಿ ನಿಮ್ಮ ಮಾತು ಒಪ್ತೀನಿ. ಎಲ್ರಿಗೂ ಅಂದಿದ್ದು ಎಲ್ರ ಕೈಗೆ ಸಿಗ್ಲಿಲ್ಲ, ಅದು ನಿಜ. ಆದ್ರೆ ಆ ಆಸೆ ಎಲ್ಲಿಂದ ಬಂತು ಅಂತ ನೋಡಿ. 1965ರಲ್ಲಿ ಪ್ಯಾರಿಸ್‌ಗೆ ಹೋಗಿ ಗೀ ಲರೋಶ್, ಜಿವೆಂಶಿ ಹತ್ರ ಕೆಲಸ ಕಲಿತ್ರು, ಶ್ರೀಮಂತರಿಗೆ ಅಳತೆ ತಗೊಂಡು ಹೊಲಿಯೋ ಮನೆಗಳು ಅವು. 1968ರ ಮೇನಲ್ಲಿ ಬೀದಿಗೆ ಇಳಿದ ವಿದ್ಯಾರ್ಥಿಗಳು, ಕಾರ್ಮಿಕರನ್ನ ಕಣ್ಣಾರೆ ಕಂಡು, ಇನ್ಮೇಲೆ ಕೆಲವೇ ಜನಕ್ಕೆ ಬಟ್ಟೆ ಮಾಡೋದು ನನಗೆ ಬೇಡ ಅಂತ ಅನ್ನಿಸ್ತು ಅವ್ರಿಗೆ. 1970ರಲ್ಲಿ ಜಪಾನಿಗೆ ವಾಪಸ್ ಬಂದು ಸ್ಟುಡಿಯೋ ತೆಗೆದಿದ್ದು ಆ ಮನಸ್ಸಿಂದ.

ಪಾಲಿಯೆಸ್ಟರ್ ಬಗ್ಗೆ ಅವ್ರಿಗೂ ಚಿಂತೆ ಇತ್ತು ಅನ್ಸತ್ತೆ. 2010ರಲ್ಲಿ ತಂದ 132 5 ಅನ್ನೋ ಬ್ರ್ಯಾಂಡಿನ ಬಟ್ಟೆ ಹಳೇ ಪ್ಲಾಸ್ಟಿಕ್ಕಿಂದ ತೆಗೆದ ಪಾಲಿಯೆಸ್ಟರಲ್ಲಿ. ಮಡಚಿಟ್ರೆ ನಕ್ಷತ್ರದ ಥರ ಚಪ್ಪಟೆ, ಮೇಲಿಂದ ಹಿಡಿದು ಎತ್ತಿದ್ರೆ ಲಂಗ. ಆ ಮಡಿಕೆ ಲೆಕ್ಕ ಹಾಕೋಕೆ ಮಿತಾನಿ ಅನ್ನೋ ಪ್ರೊಫೆಸರ್ ಮಾಡಿದ ಸಾಫ್ಟ್‌ವೇರ್ ಬಳಸಿದ್ರು. ಆಗ ಮಿಯಾಕೆಗೆ ವಯಸ್ಸು 72. ಅಷ್ಟೊತ್ತಿಗೆ ಮುಖ್ಯ ಬ್ರ್ಯಾಂಡನ್ನ ತಕಿಝಾವಾ, ಆಮೇಲೆ ಫುಜಿವಾರಾ ಅಂತ ಕಿರಿಯರ ಕೈಗೆ ಕೊಟ್ಟು ಎಷ್ಟೋ ವರ್ಷ ಆಗಿತ್ತು, ತಾವು ಮತ್ತೆ ಪ್ರಯೋಗದ ಟೇಬಲ್‌ಗೆ ಹೋಗಿ ಕೂತಿದ್ರು. ನನಗೆ ಇವ್ರಲ್ಲಿ ಕೈ ಮುಗಿಯೋ ಅಂಥದ್ದು ಅದು. ಬದುಕಿದ್ದಾಗಲೇ ಬಿಟ್ಟುಕೊಡೋದು ಸುಲಭ ಅಲ್ಲ, ನಮ್ಮ ಫ್ಲೋರಲ್ಲಿ ಒಬ್ಬ ಮಾಸ್ಟರ್ ತನ್ನ ಸ್ಕೇಲೂ ಇನ್ನೊಬ್ಬನಿಗೆ ಕೊಡಲ್ಲ.

ಹತ್ತಿ_ಮಾತ್ರ:

ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್. ಪಾಲಿಯೆಸ್ಟರ್ ನಾನು ಮಾರಲ್ಲ, ಅದು ಹಾಗೇ ಇರತ್ತೆ. ಆದ್ರೆ ಖಣದ ಕುಬಸದ ಕಥೆ ಓದಿ ಕಣ್ಣು ತುಂಬಿ ಬಂತು.

ಹೊಲಿಗೆ_ಹುಡುಗಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ನೆನ್ನೆ ರಾತ್ರಿ ಎರಡು ಗಂಟೆ ತನಕ ಓದ್ತಾ ಇದ್ದೆ. ಅಪ್ಪಾಜಿ ಬಗ್ಗೆ ಬರೆದ ಅಣ್ಣ, "ಹಂಗಾರ ಅಂವಾ ನಮ್ಮಾವನ" ಅಂದಿದ್ದನ್ನ ಅಮ್ಮಂಗೆ ಓದಿ ಹೇಳಿದೆ, ಅಮ್ಮ ಸೀರೆ ಮಡಚೋದು ನಿಲ್ಸಿ ಕೇಳಿಸ್ಕೊಂಡ್ರು.

ಮಾಸ್ಟರ್ ಸರ್, ಒಂದು ಕೇಳ್ಬೇಕಿತ್ತು. ಮಷಿನ್ ಇಲ್ದೆ ಮನೇಲಿ ಈ ಥರ ನೆರಿಗೆ ಹಾಕೋಕೆ ಆಗತ್ತಾ? ಒಂದು ಬರೀ ತೋಳಾದ್ರೂ ಮಾಡಿ ನೋಡ್ಬೇಕು ಅನ್ನಿಸ್ತಿದೆ.

ಕಟಿಂಗ್_ಮಾಸ್ಟರ್:

ಆಗತ್ತೆ ಪುಟ್ಟ, ನಾನೇ ಮಾಡಿದೀನಿ. ಪಾಲಿಯೆಸ್ಟರ್ ಜಾರ್ಜೆಟ್ ತಗೋ, ಹತ್ತಿ ಬೆರೆತಿದ್ರೆ ನಿಲ್ಲಲ್ಲ. ಪುಸ್ತಕಕ್ಕೆ ಹಾಕೋ ಬ್ರೌನ್ ಪೇಪರ್ ಎರಡು ಹಾಳೆ, ಪ್ಲಾಸ್ಟಿಕ್ ಕೋಟಿಂಗ್ ಇಲ್ಲದ್ದು. ಎರಡನ್ನೂ ಒಟ್ಟಿಗೆ ಬೀಸಣಿಗೆ ಥರ ಮಡಚು, ಅರ್ಧ ಇಂಚಿಂದ ಶುರು ಮಾಡು. ಬಿಚ್ಚಿ, ಹೊಲಿದ ತೋಳನ್ನ ಮಧ್ಯ ಇಟ್ಟು ಮತ್ತೆ ಅದೇ ಗೆರೆಗೆ ಮಡಚಿ ದಾರದಲ್ಲಿ ಬಿಗಿಯಾಗಿ ಕಟ್ಟು. ಇಡ್ಲಿ ಪಾತ್ರೇಲಿ ಅರ್ಧ ಗಂಟೆ ಹಬೆ, ನೀರು ತಾಗಬಾರ್ದು. ಪೂರ್ತಿ ತಣ್ಣಗಾಗೋ ತನಕ ಬಿಚ್ಚಬೇಡ, ಅದೇ ಮುಖ್ಯ, ರಾತ್ರಿ ಇಟ್ಟು ಬೆಳಗ್ಗೆ ಬಿಚ್ಚು.

ಹೊಲಿಗೆ_ಹುಡುಗಿ:

ಸರ್, ಭಾನುವಾರ ಮಾಡಿದೆ. ಮೊದಲನೇದು ಹಾಳಾಯ್ತು, ಆಸೆ ತಡೀಲಾರ್ದೆ ಬಿಸಿ ಇದ್ದಾಗಲೇ ಬಿಚ್ಚಿದೆ, ಒಂದು ಕಡೆ ನೆರಿಗೆ ಸಡಿಲ ಆಗೋಯ್ತು. ಎರಡನೇದು ರಾತ್ರಿ ಇಟ್ಟೆ. ಬೆಳಗ್ಗೆ ಪೇಪರ್ ಬಿಡಿಸ್ದಾಗ ಒಳಗಿಂದ ಅದು ತಾನಾಗೇ ಸಣ್ಣಗೆ ಜಿಗಿದು ಮುಚ್ಕೊಂಡ್ತು ಸರ್, ಕೈಯಲ್ಲಿ ಹಿಡಿದ್ರೆ ಕೋಲಿನಷ್ಟು ತೆಳ್ಳಗೆ. ಅಮ್ಮನ ಕೈಗೆ ಹಾಕಿದೆ. ಅಮ್ಮ ಮೇಲಿನ ಶೆಲ್ಫಿಂದ ಡಬ್ಬ ತೆಗೆಯೋ ಥರ ಕೈ ಎತ್ತಿದ್ರು, ಮೊಣಕೈ ಹತ್ರ ನೆರಿಗೆ ಬಿಚ್ಕೊಂಡು, ಕೈ ಇಳಿಸಿದಾಗ ಮತ್ತೆ ಕೂಡ್ಕೊಂಡ್ತು. ಆಮೇಲೆ ಸೋಪ್ ಹಾಕಿ ಒಗೆದು ಹಿಂಡಿ ಒಣಗಿಸಿದೀನಿ, ಒಂದು ಗೆರೆನೂ ಹೋಗಿಲ್ಲ.

ಆದ್ರೆ ಮೂರು ಪಟ್ಟು ಬಿಟ್ಟಿದ್ರೂ ಕಂಕುಳಲ್ಲಿ ಹಿಡೀತಿದೆ. ಅಲ್ಲಿ ಹೊಲಿಗೆ ದಪ್ಪ ಇದೆ ಅಂತನಾ?

ಕಟಿಂಗ್_ಮಾಸ್ಟರ್:

ಹೌದು, ನಾಲ್ಕು ಪದರ ಸೇರತ್ತೆ ಅಲ್ಲಿ. ಮುಂದಿನ ಸಲ ಕಂಕುಳಲ್ಲಿ ಗುಂಡಗೆ ಕೊರೀಬೇಡ, ನೇರ ಬಿಡು, ತೋಳು ಬೆನ್ನು ಒಂದೇ ತುಂಡಾಗಿ ಬರ್ಲಿ. ಮಾಡಿ ಫೋಟೋ ಹಾಕು, ಅಮ್ಮ ಹಾಕ್ಕೊಂಡಿರೋದು.